ಇಬ್ಬರ ಮನೆಗೆ ಬೆಂಗಳೂರಿನ ಚಳಿಗಾಲ

ಬೆಂಗಳೂರಿನ ಚಳಿಗಾಲ ನವೆಂಬರ್ ನಡುವಿನಲ್ಲಿ ಶುರುವಾಗಿ ಫೆಬ್ರುವರಿಯ ಮೊದಲ ವಾರಗಳಲ್ಲಿ ಮುಗಿಯುತ್ತದೆ. ಜನವರಿಯಲ್ಲಿ ಕನಿಷ್ಠ ಉಷ್ಣಾಂಶ ಸರಾಸರಿ 16 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು, ಅದೇ ದಿನ ಮಧ್ಯಾಹ್ನ 27ರ ಸುಮಾರು. ನಗರದಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರಂದು ಇಳಿದ 7.8 ಡಿಗ್ರಿ. ಬೀದರ್, ವಿಜಯಪುರದ ಕಡೆಯವರು ಇದನ್ನೆಲ್ಲ ಚಳಿ ಎಂದು ಒಪ್ಪಲಿಕ್ಕಿಲ್ಲ. ಇಲ್ಲಿ ಚಳಿ ದಿನವಿಡೀ ಇರುವುದಿಲ್ಲ. ಬೆಳಗಿನ ಜಾವದಿಂದ ಎಂಟು ಗಂಟೆಯವರೆಗೆ, ಮತ್ತೆ ರಾತ್ರಿ ಊಟವಾದ ಮೇಲೆ. ಇಬ್ಬರೂ ಕೆಲಸಕ್ಕೆ ಹೋಗುವ, ಬಾಡಿಗೆ ಮನೆಯಲ್ಲಿರುವ, ಮದುವೆಯಾಗಿ ಒಂದೆರಡು ವರ್ಷವಾದ ದಂಪತಿಗೆ ಈ ಲೆಕ್ಕ ಮುಖ್ಯ. ಈ ಋತುವಿನ ಸೊಗಸೆಲ್ಲ ಸಿಗುವುದು ಬೆಳಗಿನ ಹೊತ್ತಿನಲ್ಲಿ. ಹೊತ್ತಿಗೆ ಸರಿಯಾಗಿ ಕಾಯದ ನೀರು, ಉಬ್ಬದ ಹಿಟ್ಟು, ಬಿಡಲಾಗದ ಹಾಸಿಗೆ, ಈ ತೊಡಕುಗಳೂ ಅದೇ ಹೊತ್ತಿನವು. ಆದ್ದರಿಂದ ಚಳಿಗಾಲದ ದಿನಚರಿ ಎಂದರೆ ಬಹುಪಾಲು ಹಿಂದಿನ ರಾತ್ರಿಯ ದಿನಚರಿಯೇ.

ಸೂರ್ಯನ ಲೆಕ್ಕ

ವರ್ಷದ ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22ರಂದು. ಬೆಂಗಳೂರಿನಲ್ಲಿ ಅಂದಿನ ಹಗಲು ಸುಮಾರು 11 ಗಂಟೆ 20 ನಿಮಿಷ. ಆದರೆ ಸೂರ್ಯ ಅತಿ ತಡವಾಗಿ ಹುಟ್ಟುವುದು ಆ ದಿನವಲ್ಲ. ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ, ಅದರ ಅಕ್ಷವೂ ವಾಲಿದೆ. ಇವೆರಡೂ ಸೇರಿ ಗಡಿಯಾರದ ನಡುಹಗಲಿಗೂ ಸೂರ್ಯನ ನಡುಹಗಲಿಗೂ ಇರುವ ಅಂತರವನ್ನು ದಿನದಿನಕ್ಕೆ ಸರಿಸುತ್ತವೆ. ಹೀಗಾಗಿ ಸೂರ್ಯ ಅತಿ ಬೇಗ ಮುಳುಗುವುದು ನವೆಂಬರ್ 20ರ ಸುಮಾರಿಗೆ, ಸಂಜೆ 5.50ರ ಹೊತ್ತಿಗೆ. ಅತಿ ತಡವಾಗಿ ಹುಟ್ಟುವುದು ಜನವರಿಯ ಮೂರನೇ ವಾರದಲ್ಲಿ, ಬೆಳಿಗ್ಗೆ 6.45 ದಾಟಿದ ಮೇಲೆ. ಸಂಕ್ರಾಂತಿಯ ಹೊತ್ತಿಗೆ ಹಗಲು ಹಿಗ್ಗಿರುತ್ತದೆ ಎನ್ನುವುದು ನಿಜ, ಆದರೆ ಹಿಗ್ಗಿರುವುದು ಸಂಜೆಯ ತುದಿಯಲ್ಲಿ.

ಇದರಿಂದ ಎರಡು ಅನುಕೂಲ ತಿಳಿಯುತ್ತವೆ. ನವೆಂಬರ್‌ನಲ್ಲಿ ಆಫೀಸಿನಿಂದ ಬಂದ ಮೇಲೆ ಬೆಳಕಿನಲ್ಲಿ ಒಂದು ಸುತ್ತು ಹೋಗಿಬರುವ ಆಸೆ ಬಿಟ್ಟು, ತಿರುಗಾಟವನ್ನೆಲ್ಲ ಶನಿವಾರ, ಭಾನುವಾರದ ಬೆಳಿಗ್ಗೆಗೆ ಇಟ್ಟುಕೊಳ್ಳಬೇಕು. ಜನವರಿಯಲ್ಲಿ ಸೂರ್ಯೋದಯ ನೋಡಲು ಬೇಸಿಗೆಯಷ್ಟು ಬೇಗ ಏಳಬೇಕಾಗಿಲ್ಲ. ಮುಕ್ಕಾಲು ಗಂಟೆಗೂ ಹೆಚ್ಚು ನಿದ್ದೆ ಉಳಿಯುತ್ತದೆ. ಜೊತೆಗೆ ಒಂದು ಎಚ್ಚರ: ನವೆಂಬರ್‌ನಲ್ಲಿ, ಕೆಲವೊಮ್ಮೆ ಡಿಸೆಂಬರ್‌ನಲ್ಲೂ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಬೆಂಗಳೂರಿಗೆ ಎರಡು ಮೂರು ದಿನ ಬಿಡದ ಜಿಟಿಜಿಟಿ ಮಳೆ ಬರುತ್ತದೆ. ಆಗ ಮಧ್ಯಾಹ್ನವೂ ಚಳಿಯೇ. ಛತ್ರಿ, ರೈನ್‌ಕೋಟುಗಳನ್ನು ಅಕ್ಟೋಬರ್‌ನಲ್ಲೇ ಅಟ್ಟಕ್ಕೆ ಏರಿಸುವುದು ಅವಸರದ ಕೆಲಸ.

ಬಿಸಿನೀರು

ಬಾಡಿಗೆ ಮನೆಗಳಲ್ಲಿ ಬಿಸಿನೀರಿಗೆ ಸೋಲಾರ್, ಕರೆಂಟ್ ಗೀಸರ್, ಗ್ಯಾಸ್ ಗೀಸರ್, ಬಕೆಟ್‌ಗೆ ಇಳಿಬಿಡುವ ರಾಡ್, ಇವುಗಳಲ್ಲಿ ಒಂದು ಇರುತ್ತದೆ. ಸೋಲಾರ್ ಇದ್ದರೆ ತಾರಸಿಯ ಟ್ಯಾಂಕಿನಿಂದ ಕೆಳಮನೆಯವರೆಗಿನ ಪೈಪಿನಲ್ಲಿ ರಾತ್ರಿಯಿಡೀ ನಿಂತ ತಣ್ಣೀರು ಮೊದಲು ಹೊರಗೆ ಬರಬೇಕು. ಕಾವೇರಿ ನೀರಿಗೆ ಕಾಯುವ ಊರಿನಲ್ಲಿ ಅದನ್ನು ಮೋರಿಗೆ ಬಿಡುವುದು ಸಲ್ಲದು. ಒಂದು ಬಕೆಟ್‌ಗೆ ಹಿಡಿದರೆ ಬಟ್ಟೆ ನೆನೆಸಲೋ ಗಿಡಕ್ಕೋ ಆಗುತ್ತದೆ. ಮಳೆ ಕವಿದ ದಿನಗಳಲ್ಲಿ ಸೋಲಾರ್ ನೀರು ಉಗುರುಬೆಚ್ಚಗೂ ಇರುವುದಿಲ್ಲವಾದ್ದರಿಂದ ಇನ್ನೊಂದು ಏರ್ಪಾಡು ಇರಲೇಬೇಕು.

ಕರೆಂಟ್ ಗೀಸರ್ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಸಮಯದ ಅಂದಾಜಿನಲ್ಲಿ. 15 ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಏರಿಸಲು ಬೇಕಾಗುವುದು ಸುಮಾರು ಅರ್ಧ ಯೂನಿಟ್ ವಿದ್ಯುತ್. 2 ಕಿಲೋವ್ಯಾಟ್ ಗೀಸರ್‌ಗೆ ಅದು ಕಾಲು ಗಂಟೆಯ ಕೆಲಸ. ಆ ನೀರಿಗೆ ತಣ್ಣೀರು ಬೆರೆಸಿದರೆ ಒಬ್ಬರ ಸ್ನಾನಕ್ಕೆ ಧಾರಾಳ. ಎದ್ದ ಕೂಡಲೇ ಸ್ವಿಚ್ ಹಾಕಿ, ಕಾಫಿ, ಪೇಪರು, ಫೋನು ಎಲ್ಲ ಮುಗಿಸಿ ಒಂದು ಗಂಟೆಯ ನಂತರ ಸ್ನಾನಕ್ಕೆ ಹೋಗುವವರ ಮನೆಯಲ್ಲಿ ನೀರು ಆರುವುದು, ಮತ್ತೆ ಕಾಯುವುದು ನಡೆದೇ ಇರುತ್ತದೆ. ಇಬ್ಬರೂ ಬೆನ್ನುಬೆನ್ನಿಗೆ ಸ್ನಾನ ಮುಗಿಸಿದರೆ ಉಳಿತಾಯ ಹೆಚ್ಚು. ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುವುದರಿಂದ ಡಿಸೆಂಬರ್, ಜನವರಿಯಲ್ಲಿ ಮೀಟರಿನ ಮೇಲೆ ಒಂದು ಕಣ್ಣಿರುವುದು ಒಳ್ಳೆಯದು.

ಗ್ಯಾಸ್ ಗೀಸರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮುಚ್ಚಿದ ಬಚ್ಚಲುಮನೆಯಲ್ಲಿ ಗ್ಯಾಸ್ ಉರಿದಾಗ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ತಲೆಸುತ್ತು. ಆಮೇಲೆ ಕಾಲಲ್ಲಿ ಶಕ್ತಿಯೇ ಇಲ್ಲದಂತಾಗಿ, ಬಾಗಿಲು ತೆರೆದು ಹೊರಗೆ ಬರಬೇಕೆಂದು ಹೊಳೆದರೂ ಆಗುವುದಿಲ್ಲ. ಚಳಿಗಾಲದಲ್ಲಿ ಅಪಾಯ ಹೆಚ್ಚುವುದಕ್ಕೆ ಕಾರಣ ಸರಳ: ಗಾಳಿ ಬರುತ್ತದೆಂದು ಕಿಟಕಿ ಮುಚ್ಚಿರುತ್ತಾರೆ, ಹಿತವೆಂದು ಹೆಚ್ಚು ಹೊತ್ತು ನೀರು ಬಿಟ್ಟುಕೊಳ್ಳುತ್ತಾರೆ. ಕರ್ನಾಟಕದ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಬಾರದ ಚಳಿಗಾಲ ಅಪರೂಪ.

ಆದ್ದರಿಂದ ಗ್ಯಾಸ್ ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಬೇಕು; ಬಿಸಿನೀರಿನ ಪೈಪು ಮಾತ್ರ ಒಳಗೆ ಬರಬೇಕು. ಮನೆ ನೋಡಲು ಹೋದಾಗಲೇ ಇದನ್ನು ಗಮನಿಸಬೇಕು. ಒಳಗೇ ಇದ್ದರೆ ಮಾಲೀಕರಿಂದ ಹೊರಗೆ ಹಾಕಿಸಿಕೊಳ್ಳುವುದು ಬಾಡಿಗೆಯ ಚೌಕಾಸಿಗಿಂತ ದೊಡ್ಡ ಮಾತು. ಹೊರಗೆ ಹಾಕಿಸುವವರೆಗೆ ಆ ಗೀಸರ್ ಹೊತ್ತಿಸದೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳುವುದೇ ಕ್ಷೇಮ. ಕಿಟಕಿ ತೆರೆದಿದೆ, ಫ್ಯಾನ್ ಇದೆ ಎಂಬ ಧೈರ್ಯ ಸಾಲದು. ಒಳಗಿದ್ದವರಿಗೆ ತಲೆ ಸುತ್ತಿದರೆ ಮೊದಲ ಕೆಲಸ ಹೊರಗಿನ ಗಾಳಿಗೆ ಕರೆತರುವುದು, ಎರಡನೆಯದು ಆಸ್ಪತ್ರೆ. ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕಿಕೊಂಡರೂ ಆಗುವುದು ಇದೇ ಅನಾಹುತ. ರಾಡ್ ಬಳಸುವವರು ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಿನೋಡಬೇಕು. ಸ್ವಿಚ್ ಆರಿಸಿದರೆ ಸಾಲದು.

ಯಾರು ಮೊದಲು ಏಳಬೇಕು

ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 97 ನಿಮಿಷ. ಅದೂ ಒಟ್ಟು ಗಂಡಸರಲ್ಲಿ ಮನೆಗೆಲಸಕ್ಕೆ ಕೈಹಾಕುವವರೇ ಸುಮಾರು ಕಾಲು ಭಾಗ. ಚಳಿಗಾಲದಲ್ಲಿ ಈ ಅಂತರ ಇನ್ನಷ್ಟು ಕಣ್ಣಿಗೆ ಹೊಡೆಯುತ್ತದೆ. ಐದೂವರೆಗೆ ಒಬ್ಬರು ತಣ್ಣನೆಯ ನೆಲಕ್ಕೆ ಕಾಲಿಟ್ಟು ಅಡುಗೆಮನೆಗೆ ಹೋಗುವಾಗ ಇನ್ನೊಬ್ಬರು ರಗ್ಗು ಎಳೆದುಕೊಳ್ಳುತ್ತಾರೆ. ಯಾರು ಎಂದು ಕೇಳುವ ಅಗತ್ಯವಿಲ್ಲ.

ಸರದಿ ಹಾಕಿಕೊಳ್ಳುವುದಾದರೆ ಕೆಲಸಕ್ಕೊಂದು ಸರದಿಗಿಂತ ದಿನಕ್ಕೊಂದು ಸರದಿ ನಡೆಯುತ್ತದೆ: ಇಂದು ಮೊದಲು ಏಳುವವರು ಹಾಲು ತಂದು, ಕಾಯಿಸಿ, ಡಿಕಾಕ್ಷನ್ ಇಳಿಸಿ, ಗೀಸರ್ ಹಾಕುವವರೆಗೆ ಎಲ್ಲವನ್ನೂ ನೋಡಿಕೊಂಡರೆ ನಾಳೆ ಅವರಿಗೆ ಪೂರ್ತಿ ಬಿಡುವು. ಅರ್ಧರ್ಧ ಕೆಲಸ ಹಂಚಿಕೊಂಡರೆ ಇಬ್ಬರ ನಿದ್ದೆಯೂ ಹಾಳು. ಕಾಫಿ ಫಿಲ್ಟರಿಗೆ ರಾತ್ರಿಯೇ ಪುಡಿ ಹಾಕಿ ಒತ್ತಿಟ್ಟರೆ ಬೆಳಿಗ್ಗೆ ಕುದಿಯುವ ನೀರು ಸುರಿಯುವುದಷ್ಟೇ ಉಳಿಯುತ್ತದೆ. ತರಕಾರಿ ಹೆಚ್ಚಿಡುವುದು, ಬುತ್ತಿಯ ಡಬ್ಬಿ ತೊಳೆದಿಡುವುದು, ಹೆಲ್ಮೆಟ್, ಜಾಕೆಟ್ಟು, ಗಾಡಿ ಕೀಲಿ ಒಂದೇ ಕಡೆ ಇಡುವುದು, ಇವಕ್ಕೆಲ್ಲ ರಾತ್ರಿ ಅರ್ಧ ಗಂಟೆ ಸಾಕು. ಒಬ್ಬರಿಗೆ ರಾತ್ರಿ ಪಾಳಿಯಿದ್ದರೆ ವಾರದ ದಿನಗಳಲ್ಲಿ ಇಬ್ಬರೂ ಎಚ್ಚರವಿರುವ ಹೊತ್ತೆಂದರೆ ಈ ಕಾಫಿಯ ಹೊತ್ತೊಂದೇ ಆಗಿರಬಹುದು. ಅದನ್ನು ಬಾಲ್ಕನಿಯ ಎಳೆಬಿಸಿಲಿಗೆ ಒಯ್ದರೆ ಖರ್ಚೇನೂ ಇಲ್ಲ.

ಈ ತಿಂಗಳುಗಳಲ್ಲಿ ಗಾಳಿ ಒಣಗಿರುವುದರಿಂದ ತುಟಿ, ಹಿಮ್ಮಡಿ ಒಡೆಯುತ್ತವೆ. ತೀರಾ ಸುಡುನೀರು ಚರ್ಮದ ಜಿಡ್ಡನ್ನು ಇನ್ನಷ್ಟು ತೆಗೆಯುತ್ತದೆ. ಹದವಾದ ನೀರಿನಲ್ಲಿ ಮಿಂದು, ಮೈ ಪೂರ್ತಿ ಆರುವ ಮೊದಲೇ ಎಣ್ಣೆ ಸವರಿಕೊಳ್ಳುವುದು ದುಬಾರಿ ಕ್ರೀಮಿಗಿಂತ ಕಡಿಮೆಯೇನಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಬಾಟಲಿಯನ್ನು ಬಿಸಿನೀರಿನ ಚೊಂಬಿನಲ್ಲಿ ನಿಲ್ಲಿಸಬೇಕು. ಎಳ್ಳೆಣ್ಣೆಗೆ ಆ ಕಾಟವಿಲ್ಲ. ವಾರಕ್ಕೊಂದು ಎಣ್ಣೆಸ್ನಾನದ ರೂಢಿ ದೀಪಾವಳಿಯ ನರಕ ಚತುರ್ದಶಿಯಿಂದಲೇ ಆರಂಭವಾದರೆ ಒಳ್ಳೆಯದು. ಮದುವೆಯಾದ ಮೊದಲ ದೀಪಾವಳಿಗೆ ಹೆಂಡತಿಯ ತವರಿಗೆ ಹೋಗುವ ಪದ್ಧತಿ ಇರುವುದರಿಂದ ಅನೇಕ ಅಳಿಯಂದಿರ ಮೊದಲ ಎಣ್ಣೆಸ್ನಾನ ಅತ್ತೆಮನೆಯ ಹಂಡೆಯ ನೀರಿನಲ್ಲೇ ಆಗುತ್ತದೆ.

ಹಿಟ್ಟು, ಮೊಸರು, ಅವರೆ

ಇಡ್ಲಿ, ದೋಸೆ ಹಿಟ್ಟು ಚೆನ್ನಾಗಿ ಹುದುಗಲು 25ರಿಂದ 30 ಡಿಗ್ರಿ ಬಿಸಿ ಬೇಕು. ರಾತ್ರಿ 16 ಡಿಗ್ರಿಗೆ ಇಳಿಯುವ ಅಡುಗೆಮನೆಯಲ್ಲಿ ಬೇಸಿಗೆಯ ಎಂಟು ಗಂಟೆಯ ಕೆಲಸಕ್ಕೆ ಹದಿನಾಲ್ಕು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಹಾಗಾಗಿ ರುಬ್ಬುವುದನ್ನು ಮಧ್ಯಾಹ್ನಕ್ಕೋ ಸಂಜೆ ಬೇಗನೆಗೋ ತಂದುಕೊಳ್ಳಬೇಕು. ಫ್ರಿಜ್‌ನ ಐಸ್ ನೀರಿನ ಬದಲು ಮಾಮೂಲಿ ನೀರು ಹಾಕಿ ರುಬ್ಬಿ, ಉದ್ದಿನ ಜೊತೆ ಒಂದು ಚಮಚ ಮೆಂತ್ಯ ನೆನೆಸಿ, ಹಿಟ್ಟನ್ನು ಕೈಯಿಂದಲೇ ಕಲಸಬೇಕು. ಆ ಪಾತ್ರೆಯನ್ನು ಮೈಕ್ರೋವೇವ್ ಒಳಗೆ ಒಂದು ಲೋಟ ಕುದಿನೀರಿನ ಪಕ್ಕ ಇಟ್ಟು ಬಾಗಿಲು ಮುಚ್ಚಿದರೆ ಸಾಕು. ಓವನ್ ಚಾಲೂ ಮಾಡಬಾರದು. ಮೈಕ್ರೋವೇವ್ ಇಲ್ಲದವರಿಗೆ ಅಗಲವಾದ ಪಾತ್ರೆಯಲ್ಲಿ ಬೆಚ್ಚನೆಯ ನೀರು, ಅದರೊಳಗೆ ಹಿಟ್ಟಿನ ಪಾತ್ರೆ, ಮೇಲೊಂದು ದಪ್ಪ ಟವೆಲ್. ಮೊಸರಿಗೂ ಇದೇ ನ್ಯಾಯ: ಹಾಲು ಸ್ವಲ್ಪ ಹೆಚ್ಚು ಬಿಸಿಯಿರುವಾಗಲೇ ಹೆಪ್ಪು ಹಾಕಿ, ಹೆಪ್ಪನ್ನು ತುಸು ಹೆಚ್ಚಿಸಿ, ಹಾಟ್‌ಬಾಕ್ಸ್‌ನಲ್ಲಿಟ್ಟರೆ ಬೆಳಿಗ್ಗೆಗೆ ಗಟ್ಟಿಯಾಗುತ್ತದೆ.

ಅವರೆಕಾಯಿ ಈ ಋತುವಿಗೇ ಬರುವುದಕ್ಕೂ ಸೂರ್ಯನ ಲೆಕ್ಕಕ್ಕೂ ಸಂಬಂಧವಿದೆ. ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುವ ಗಿಡ. ಯಾವಾಗ ಬಿತ್ತಿದರೂ ಅದು ಮಳೆಗಾಲ ಕಳೆಯುವವರೆಗೆ ಕಾಯುತ್ತದೆ. ಈ ಕಟ್ಟು ಕಳಚಿದ್ದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ; ಅಲ್ಲಿ ಅಭಿವೃದ್ಧಿಪಡಿಸಿದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ತಳಿಗಳು ಹಗಲಿನ ಉದ್ದ ನೋಡದೆ ವರ್ಷವಿಡೀ ಕಾಯಿ ಬಿಡುತ್ತವೆ. ಆದರೂ ಬೆಂಗಳೂರು, ಕೋಲಾರ, ಮಾಗಡಿ ಕಡೆಯ ನಾಲಿಗೆಗಳು ಕಾಯುವುದು ಡಿಸೆಂಬರ್, ಜನವರಿಯ ಸೊಗಡಿನ ಕಾಯಿಗೆ. ಸೊಗಡು ಸಿಪ್ಪೆಯ ಮೇಲಿನ ಜಿಡ್ಡಿನಲ್ಲಿದೆ. ಕಾಯಿಯನ್ನು ಬೆರಳಲ್ಲಿ ಉಜ್ಜಿ ಮೂಸಿದರೆ ಗೊತ್ತಾಗುತ್ತದೆ. ಕೈಗೆ ಅಂಟದ, ವಾಸನೆ ಬಾರದ ಕಾಯಿ ಎಷ್ಟು ಅಗ್ಗವಾದರೂ ಬೇಡ. ಸೊಗಡು ಚಳಿಯ ರಾತ್ರಿ ಬಿದ್ದ ಇಬ್ಬನಿಯಿಂದ ಬರುತ್ತದೆ ಎಂಬುದು ಮಾರುವವರ ಮಾತು.

ಕಾಯಿಯ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಸಿಪ್ಪೆಗೇ ಹೋಗುವುದರಿಂದ ಇಬ್ಬರಿಗೆ ಎರಡು ಹೊತ್ತಿನ ಅಡುಗೆಗೆ ಎರಡು ಕಿಲೋ ಕಾಯಿ ಬೇಕು. ಸುಲಿಯುವಾಗ ಹುಳು ಕೊರೆದ ಕಾಳನ್ನು ಆಗಲೇ ಬಿಸಾಡಬೇಕು. ಹಿತಕಬೇಳೆ ಬೇಕಾದರೆ ಭಾನುವಾರ ಸಂಜೆ ಸುಲಿದು, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿತಕಬೇಕು. ಬೇಳೆ ಚಿಮ್ಮಿ ಹೋಗದಂತೆ ಪಾತ್ರೆಯ ಒಳಕ್ಕೇ ಕೈ ಬಾಗಿಸುವುದು ಅಭ್ಯಾಸದ ಮಾತು. ಒಬ್ಬರೇ ಕೂತರೆ ಬೇಸರದ ಕೆಲಸ, ಇಬ್ಬರಾದರೆ ಒಂದು ಸಿನಿಮಾ ಮುಗಿಯುವುದರೊಳಗೆ ಆಗುತ್ತದೆ. ಉಪ್ಪಿಟ್ಟಿಗೆ ಇಡೀ ಕಾಳು ಚೆನ್ನ, ಸಾರಿಗೆ ಹಿತಕಿದ ಬೇಳೆ ಚೆನ್ನ, ಅಕ್ಕಿರೊಟ್ಟಿಗೆ ಎರಡೂ ನಡೆಯುತ್ತದೆ. ಹೆಚ್ಚಾದ ಬೇಳೆಯನ್ನು ನೀರಾರಿಸಿ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿದರೆ ಫೆಬ್ರುವರಿ ದಾಟಿಯೂ ಉಳಿಯುತ್ತದೆ. ಸುಲಿಯಲು ಹೊತ್ತಿಲ್ಲದವರಿಗೆ ಗಾಂಧಿ ಬಜಾರ್, ಮಲ್ಲೇಶ್ವರದ ರಸ್ತೆ ಬದಿಯಲ್ಲಿ ಹಿತಕಿದ ಬೇಳೆಯೇ ಸಿಗುತ್ತದೆ. ಅದು ನೀರಿನಲ್ಲಿ ಎಷ್ಟು ಹೊತ್ತಿನಿಂದ ಇದೆ ಎಂದು ಕೇಳಿಕೊಂಡು ಕೊಳ್ಳುವುದು ಮೇಲು.

ಊರೊಳಗಿನ ಸುತ್ತಾಟ

ಋತುವಿನ ಮೊದಲ ಸಂಭ್ರಮ ಬಸವನಗುಡಿಯ ಕಡಲೆಕಾಯಿ ಪರಿಷೆ. ಕಾರ್ತಿಕ ಮಾಸದ ಕಡೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದಿನ ಬುಲ್ ಟೆಂಪಲ್ ರಸ್ತೆಯುದ್ದಕ್ಕೂ ರಾಶಿ ರಾಶಿ ಕಡಲೆಕಾಯಿ ಬೀಳುತ್ತದೆ. ಸುಂಕೇನಹಳ್ಳಿ, ಗವಿಪುರ, ಮಾವಳ್ಳಿ, ಗುಟ್ಟಹಳ್ಳಿಯ ರೈತರ ಬೆಳೆಯನ್ನು ಬಸವ ತಿಂದುಹೋಗುತ್ತಿದ್ದ, ಅವನನ್ನು ಒಲಿಸಲು ಮೊದಲ ಬೆಳೆ ಅರ್ಪಿಸುವ ಹರಕೆ ಹುಟ್ಟಿತು ಎಂಬುದು ಪ್ರತೀತಿ. ಆ ಹಳ್ಳಿಗಳೆಲ್ಲ ಈಗ ನಗರದ ಬಡಾವಣೆಗಳು. ಕಾಯಿ ಬರುವುದು ಚಿಂತಾಮಣಿ, ಶ್ರೀನಿವಾಸಪುರ, ಮಾಗಡಿ ಕಡೆಯಿಂದ, ಆಂಧ್ರ, ತಮಿಳುನಾಡಿನಿಂದ. ಸೋಮವಾರ ಸಂಜೆ ಕಾಲಿಡಲು ಜಾಗವಿರುವುದಿಲ್ಲ. ಅಂಗಡಿಗಳು ಶನಿವಾರದಿಂದಲೇ ಏಳುವುದರಿಂದ ಭಾನುವಾರ ಬೆಳಿಗ್ಗೆ, ಇಲ್ಲವೇ ಸೋಮವಾರ ಸೂರ್ಯ ಹುಟ್ಟುವ ಹೊತ್ತಿಗೆ ಹೋಗುವುದು ಜಾಣತನ. ಗಾಡಿ ಬಿಟ್ಟು ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಬಂದರೆ ಉಳಿದದ್ದು ನಡೆಯುವ ದೂರ. ಹಸಿಕಾಯಿ ತಂದವರು ಒಂದೆರಡು ದಿನದಲ್ಲಿ ಉಪ್ಪು ಹಾಕಿ ಬೇಯಿಸಿಬಿಡಬೇಕು, ಇಲ್ಲವೇ ಬಿಸಿಲಿಗೆ ಹರವಿ ಒಣಗಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಸಲು ಹಿಡಿಯುತ್ತದೆ, ಬೂಸಲು ಹಿಡಿದ ಕಡಲೆಕಾಯಿಯ ವಿಷ ಬೇಯಿಸಿದರೂ ಹೋಗುವುದಿಲ್ಲ.

ಪರಿಷೆಯ ಆಸುಪಾಸಿನಲ್ಲೇ, ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಅವಕಾಶವಿದೆ. ಗವಿಪುರದ ಗವಿ ಗಂಗಾಧರೇಶ್ವರ ಗುಹಾ ದೇವಾಲಯದಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಆ ದಿನ ಅಲ್ಲಿ ಸೇರುವ ಜನಸಾಗರದಲ್ಲಿ ಹಲವರಿಗೆ ಕಾಣುವುದು ಮುಂದಿನವರ ತಲೆ, ಇಲ್ಲವೇ ಟಿ.ವಿ. ಪರದೆ. ಆದರೆ ಜನವರಿ 14 ಎಂದರೆ ಡಿಸೆಂಬರ್ 21 ಕಳೆದು 24 ದಿನ. ಅಷ್ಟೇ ದಿನ ಹಿಂದಕ್ಕೆ ಎಣಿಸಿದರೆ ನವೆಂಬರ್ ಕೊನೆಯ ವಾರ. ಆಗಲೂ ಸೂರ್ಯ ಆಕಾಶದ ಅದೇ ದಾರಿಯಲ್ಲಿ ಇಳಿಯುತ್ತಾನೆ, ಬೆಳಕು ಅದೇ ಕಿಂಡಿಯಿಂದ ಒಳಗೆ ಬರುತ್ತದೆ. ನವೆಂಬರ್ 26ರಿಂದ ಡಿಸೆಂಬರ್ 2ರೊಳಗೆ ಮೋಡವಿಲ್ಲದ ಸಂಜೆ ನಾಲ್ಕೂವರೆಗೆ ಹೋಗಿ ಕೂತವರಿಗೆ ನೂಕುನುಗ್ಗಲು ಇರುವುದಿಲ್ಲ. ಆಫೀಸಿಗೆ ಅರ್ಧ ದಿನ ರಜೆ ಹಾಕಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದು ಕಷ್ಟ.

ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಗುಡಿಗಳಲ್ಲಿ ಸೂರ್ಯೋದಯಕ್ಕೆ ಮೊದಲೇ ಪೂಜೆ ಮುಗಿದು ಹುಗ್ಗಿಯ ಪ್ರಸಾದ ಸಿಗುತ್ತದೆ. ದೇವರ ವಿಷಯದಲ್ಲಿ ಅಷ್ಟಕ್ಕಷ್ಟೇ ಎನ್ನುವವರೂ ಮೆಣಸು, ಜೀರಿಗೆ, ತುಪ್ಪ ಬಿದ್ದ ಬಿಸಿ ಹುಗ್ಗಿಗಾಗಿ ಒಂದು ದಿನ ಬೇಗ ಏಳಬಹುದು. ಜನವರಿಯ ಒಂದು ಭಾನುವಾರ, ಹೆಚ್ಚಾಗಿ ಮೊದಲನೆಯದು, ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ಹೊಸ ಮನೆಯ ಖಾಲಿ ಗೋಡೆಗೆ ಚಿತ್ರ ಬೇಕೆನ್ನುವವರು ಒಂಬತ್ತಕ್ಕೆ ಅಲ್ಲಿರಬೇಕು, ಹನ್ನೊಂದಾದರೆ ಚಿತ್ರಕ್ಕಿಂತ ಬೆನ್ನುಗಳೇ ಹೆಚ್ಚು ಕಾಣುತ್ತವೆ. ಎಷ್ಟು ಖರ್ಚು ಎಂದು ಮನೆಯಲ್ಲೇ ಮಾತಾಡಿಕೊಂಡು ಹೊರಡುವುದು ದಾಂಪತ್ಯಕ್ಕೆ ಒಳ್ಳೆಯದು. ಗಣರಾಜ್ಯೋತ್ಸವದ ಸುತ್ತಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ವಾರದ ದಿನ ಬೆಳಿಗ್ಗೆ ಹೋದವರಿಗೆ ಹೂ, ರಜೆಯ ದಿನ ಹೋದವರಿಗೆ ಸರದಿ ಸಾಲು. 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆಯನ್ನು ಸಮಾಧಾನವಾಗಿ ನೋಡಲು ಪ್ರದರ್ಶನವಿಲ್ಲದ ದಿನವೇ ಸರಿ.

ನಂದಿಯ ಮಂಜು

ನಗರದಿಂದ ಸುಮಾರು 60 ಕಿಲೋಮೀಟರ್ ದೂರದ ನಂದಿ ಬೆಟ್ಟದ ಎತ್ತರ 1,478 ಮೀಟರ್. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಬೆಟ್ಟದ ತುದಿ ನಗರಕ್ಕಿಂತ ಮೂರು ನಾಲ್ಕು ಡಿಗ್ರಿ ತಂಪು, ಗಾಳಿಯ ಚಳಿ ಬೇರೆ. ಎಲ್ಲರೂ ನೋಡಬಯಸುವುದು ಕಾಲ ಕೆಳಗೆ ಹರಡಿದ ಮಂಜಿನ ಮೇಲೆ ಸೂರ್ಯ ಹುಟ್ಟುವುದನ್ನು. ಅದು ದಿನವೂ ಕಾಣುವುದಿಲ್ಲ. ಎರಡು ಮೂರು ದಿನದ ಹಿಂದೆ ಮಳೆಯಾಗಿ ನೆಲದಲ್ಲಿ ತೇವವಿರಬೇಕು, ರಾತ್ರಿ ಆಕಾಶ ತಿಳಿಯಾಗಿರಬೇಕು, ಗಾಳಿ ನಿಂತಿರಬೇಕು. ಆಗ ನೆಲ ಬೇಗ ತಣಿದು, ಅದಕ್ಕೆ ತಾಗಿದ ಗಾಳಿಯ ತೇವ ಮಂಜಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ಈ ಲೆಕ್ಕದಲ್ಲಿ ನವೆಂಬರ್, ಡಿಸೆಂಬರ್‌ಗೆ ಅವಕಾಶ ಹೆಚ್ಚು, ಜನವರಿ ಕೊನೆಗೆ ಕಡಿಮೆ. ಬೆಟ್ಟವೇ ಮೋಡದೊಳಗೆ ಮುಳುಗಿದ್ದರೆ ಸೂರ್ಯನೂ ಇಲ್ಲ, ಕಣಿವೆಯೂ ಇಲ್ಲ. ಕೈಯಲ್ಲಿ ಟೀ ಲೋಟವೊಂದೇ.

ಗೇಟು ತೆರೆಯುವ ಸಮಯ, ವಾರಾಂತ್ಯದ ವಾಹನ ನಿರ್ಬಂಧ ಆಗಾಗ ಬದಲಾಗುವುದರಿಂದ ಹಿಂದಿನ ದಿನವೇ ವಿಚಾರಿಸಿಕೊಳ್ಳಬೇಕು. ವಾರದ ನಡುವೆ ಒಂದು ದಿನ ಸಾಧ್ಯವಾದರೆ ಅದೇ ಸರಿ. ಬೈಕಿನಲ್ಲಿ ಹೋಗುವವರಿಗೆ ದಪ್ಪ ಸ್ವೆಟರ್‌ಗಿಂತ ಗಾಳಿ ನುಗ್ಗದ ಜಾಕೆಟ್ಟು ಮುಖ್ಯ. ಜಾಕೆಟ್ಟಿಲ್ಲದಿದ್ದರೆ ಅಂಗಿಯ ಒಳಗೆ ಎದೆಗೆ ಅಡ್ಡ ಒಂದು ದಿನಪತ್ರಿಕೆ ಸೇರಿಸಿಕೊಳ್ಳುವ ಹಳೆಯ ಉಪಾಯ ಇಂದಿಗೂ ಕೆಲಸ ಮಾಡುತ್ತದೆ. ಕೈಗವಸು ಇಲ್ಲದೆ ಬ್ರೇಕ್ ಹಿಡಿಯುವ ಬೆರಳು ಮರಗಟ್ಟಿ ನಿಧಾನವಾಗುತ್ತದೆ, ಅದು ಅಪಾಯ. ಗಾಳಿಯ ಹೊಡೆತವೆಲ್ಲ ಮುಂದೆ ಕೂತವರಿಗೆ. ಇಬ್ಬರಿಗೂ ಗಾಡಿ ಬರುವುದಾದರೆ ದೇವನಹಳ್ಳಿಯ ಸುಮಾರಿಗೆ ಜಾಗ ಬದಲಾಯಿಸಿಕೊಳ್ಳುವುದು ನ್ಯಾಯ. ಮಂಜು ಸಿಕ್ಕರೆ ಹೈಬೀಮ್ ಹಾಕಬಾರದು. ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸು ಬರುತ್ತದೆ. ಲೋಬೀಮ್‌ನಲ್ಲಿ, ರಸ್ತೆಯ ಎಡಗೆರೆ ನೋಡಿಕೊಂಡು, ಮುಂದಿನ ವಾಹನದಿಂದ ದೂರ ಉಳಿದು ಹೋಗಬೇಕು.

ಇಳಿದ ಮೇಲೆ ಹೆಚ್ಚಿನವರು ಹೆದ್ದಾರಿಯ ಹೋಟೆಲಿಗೆ ಓಡುತ್ತಾರೆ. ಬೆಟ್ಟದ ಬುಡದ ಭೋಗನಂದೀಶ್ವರ ದೇವಾಲಯವನ್ನು ಬಿಟ್ಟು ಹೋಗುವುದು ದೊಡ್ಡ ನಷ್ಟ. 9ನೇ ಶತಮಾನಕ್ಕೆ ಹೋಗುವ ಮೂಲವಿರುವ ಈ ಗುಡಿಯಲ್ಲಿ ಮುಂದಿನ ರಾಜಮನೆತನಗಳೆಲ್ಲ ಒಂದೊಂದು ಭಾಗ ಸೇರಿಸಿವೆ. ಬೆಳಗಿನ ಎಂಟಕ್ಕೆ ಅಲ್ಲಿಯ ಕಲ್ಯಾಣಿಯ ಮೆಟ್ಟಿಲುಗಳ ಮೇಲೆ ಬಿಸಿಲು ಹಿತವಾಗಿರುತ್ತದೆ. ಬುತ್ತಿಯನ್ನು ಪ್ರಾಕಾರದ ಹೊರಗೆ ಬಿಚ್ಚುವುದು ಸರಿ. ಪಕ್ಕದ ಸ್ಕಂದಗಿರಿ ಹತ್ತುವ ಮನಸ್ಸಿದ್ದವರು ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿರಬೇಕು, ಕತ್ತಲಲ್ಲಿ ಕದ್ದು ಹತ್ತಲು ಹೋಗಬಾರದು.

ಕೊಕ್ಕರೆ, ಉಲ್ಕೆ

ಡಿಸೆಂಬರ್ ಕೊನೆಯಿಂದ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಲು ಬರುತ್ತವೆ. ಇಲ್ಲಿ ಕಾಡಿಲ್ಲ, ದೋಣಿಯಿಲ್ಲ. ಊರ ನಡುವಿನ ಹುಣಿಸೆ ಮರಗಳ ಮೇಲೆ ಹಕ್ಕಿ, ಕೆಳಗೆ ಮನೆ, ಎಮ್ಮೆ, ಹುಲ್ಲಿನ ಬಣವೆ. ಜನವರಿ ಕೊನೆಗೆ ಹೋದರೆ ಕಡ್ಡಿ ತರುವ ಗದ್ದಲ ನೋಡಬಹುದು, ಮಾರ್ಚ್‌ಗೆ ಹೋದರೆ ಮರಿಗಳು. ಇನ್ನೊಬ್ಬರ ಅಂಗಳದಲ್ಲಿ ನಿಂತು ನೋಡುತ್ತಿದ್ದೇವೆ ಎಂಬುದನ್ನು ಮರೆಯದೆ ದನಿ ತಗ್ಗಿಸಬೇಕು, ಡ್ರೋನ್ ಹಾರಿಸಬಾರದು. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಬೈಕಿನವರು ಸರ್ವಿಸ್ ರಸ್ತೆ ಹಿಡಿಯಬೇಕು, ಅಥವಾ ರೈಲಿನಲ್ಲಿ ಮದ್ದೂರಿಗೆ ಹೋಗಿ, ವಡೆ ತಿಂದು, ಆಟೋ ಮಾಡಿಕೊಳ್ಳಬೇಕು. ಎರಡನೆಯದೇ ಹೆಚ್ಚು ಸುಖ.

ಡಿಸೆಂಬರ್ 13ರ ರಾತ್ರಿ ಮತ್ತು 14ರ ಬೆಳಗಿನ ಜಾವ ಮಿಥುನ ಉಲ್ಕಾವರ್ಷದ ಉಚ್ಛ್ರಾಯ. 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ ಬಿಟ್ಟುಹೋದ ಧೂಳು ಭೂಮಿಯ ವಾತಾವರಣದಲ್ಲಿ ಉರಿಯುವುದೇ ಈ ಉಲ್ಕೆಗಳು. ನಗರದ ಬೆಳಕಿನಲ್ಲಿ ಒಂದೆರಡು ಕಂಡರೆ ಪುಣ್ಯ. ಆ ವಾರ ಯಾರಾದರೊಬ್ಬರ ಊರಿಗೆ ಹೋಗುವ ಯೋಚನೆಯಿದ್ದರೆ ಹಳ್ಳಿ ಮನೆಯ ತಾರಸಿಯ ಮೇಲೆ ಚಾಪೆ ಹಾಸಿ, ಕಂಬಳಿ ಹೊದ್ದು, ಹತ್ತರ ನಂತರ ಮಲಗಿ ನೋಡಬಹುದು. ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು ನಿಮಿಷ ಬೇಕು, ನಡುವೆ ಫೋನ್ ನೋಡಿದರೆ ಮತ್ತೆ ಮೊದಲಿನಿಂದ. ದೂರದರ್ಶಕ ಬೇಡ.

ಎಳ್ಳು ಬೀರುವ ಸಿದ್ಧತೆ

ಹಳೆ ಮೈಸೂರು ಕಡೆಯ ಮನೆಗಳಲ್ಲಿ ಹೊಸದಾಗಿ ಮದುವೆಯಾದ ಹೆಣ್ಣುಮಗಳು ಐದು ವರ್ಷ ಸಂಕ್ರಾಂತಿಗೆ ಎಳ್ಳಿನ ಜೊತೆ ಬಾಳೆಹಣ್ಣು ಬೀರುವ ಪದ್ಧತಿಯಿದೆ: ಮೊದಲ ವರ್ಷ ಮುತ್ತೈದೆಯರಿಗೆ ಐದೈದು, ಎರಡನೇ ವರ್ಷ ಹತ್ತು ಹತ್ತು, ಹೀಗೆ ಐದೈದು ಹೆಚ್ಚಿಸುತ್ತ. ಐದನೇ ವರ್ಷದ ಬಾಳೆಹಣ್ಣಿನ ಲೆಕ್ಕ ಹಾಕಿ ದಂಗಾಗುವವರು ಎಷ್ಟು ಜನಕ್ಕೆ ಕೊಡಬೇಕೆಂದು ಎರಡೂ ಮನೆಯ ಹಿರಿಯರನ್ನು ಮೊದಲೇ ಕೇಳುವುದು ಒಳಿತು; ಪದ್ಧತಿ ಮನೆಯಿಂದ ಮನೆಗೆ ಬೇರೆ.

ಎಳ್ಳು ಬೆಲ್ಲದ ಮಿಶ್ರಣ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ. ಮನೆಯಲ್ಲೇ ಮಾಡುವುದಾದರೆ ಹತ್ತು ದಿನ ಮೊದಲೇ ಕೂರಬೇಕು. ಕೊಬ್ಬರಿ ಗಿಟುಕಿನ ಕಂದು ಸಿಪ್ಪೆಯನ್ನು ತುರಿದು ತೆಗೆದು, ಸಣ್ಣಗೆ ಹೆಚ್ಚಿ, ಎರಡು ಮೂರು ಬಿಸಿಲು ಕಾಯಿಸಬೇಕು. ಅಚ್ಚು ಬೆಲ್ಲವನ್ನು ಅಡಕತ್ತರಿಯಿಂದ ಅದೇ ಅಳತೆಗೆ ಕತ್ತರಿಸಿ ಬಿಸಿಲಿಗೆ ಹಾಕಿದರೆ ಮೇಲಿನ ಅಂಟು ಹೋಗುತ್ತದೆ. ಮೆತ್ತಗಿನ ಬೆಲ್ಲ ಈ ಕೆಲಸಕ್ಕೆ ಆಗದು. ಕಡಲೆಕಾಯಿ ಬೀಜ ಹುರಿದು, ಉಜ್ಜಿ, ಸಿಪ್ಪೆ ಊದಿ ಎರಡು ಹೋಳು ಮಾಡಬೇಕು. ಬಿಳಿ ಎಳ್ಳನ್ನು ತೊಳೆದು ಕಲ್ಲು ತೆಗೆದು, ಒಣಗಿಸಿ, ಚಟಪಟ ಎನ್ನುವವರೆಗೆ ಸಣ್ಣ ಉರಿಯಲ್ಲಿ ಹುರಿಯಬೇಕು. ಹುರಿಗಡಲೆಗೆ ಮಾತ್ರ ಏನೂ ಮಾಡಬೇಕಾಗಿಲ್ಲ. ಎಲ್ಲವೂ ಪೂರ್ತಿ ಆರಿದ ಮೇಲೆಯೇ ಬೆರೆಸಬೇಕು. ಎಳ್ಳು ಬಿಸಿಯಿದ್ದರೆ ಬೆಲ್ಲ ಕರಗಿ ಇಡೀ ಡಬ್ಬಿ ಮುದ್ದೆಯಾಗುತ್ತದೆ. ಕೊಬ್ಬರಿ, ಬೆಲ್ಲ, ಬೀಜ, ಹುರಿಗಡಲೆ ಸಮಪಾಲು, ಎಳ್ಳು ಅದರ ಅರ್ಧ ಎಂಬುದು ಒಂದು ಅಳತೆ. ಕೊಬ್ಬರಿ ಹೆಚ್ಚುವುದೇ ಇದರಲ್ಲಿ ಬೆನ್ನು ಬಾಗಿಸುವ ಕೆಲಸವಾದ್ದರಿಂದ ಅದನ್ನು ಗಂಡಸರ ಪಾಲಿಗೆ ಬರೆದುಬಿಡಬಹುದು. ತಾರಸಿ ಇಲ್ಲದ ಮನೆಯವರು ಒಣಗಿಸಲು ಕಿಟಕಿಯ ಬಿಸಿಲಿನಲ್ಲಿ ತಟ್ಟೆ ಇಟ್ಟು ಮೇಲೊಂದು ತೆಳು ಬಟ್ಟೆ ಹಾಸಿದರೆ ಸಾಕು. ಅಳಿಲು, ಗುಬ್ಬಿಗಳಿಗಿಂತ ಹೋಗುತ್ತ ಬರುತ್ತ ಬಾಯಿಗೆ ಹಾಕಿಕೊಳ್ಳುವ ಮನೆಯವರಿಂದಲೇ ಹೆಚ್ಚು ಖಾಲಿಯಾಗುವುದರಿಂದ ಕೊಬ್ಬರಿಯನ್ನು ಒಂದು ಹಿಡಿ ಜಾಸ್ತಿಯೇ ಹೆಚ್ಚಿರಬೇಕು.

ರಥಸಪ್ತಮಿ ಕಳೆದ ಮೇಲೆ ಬೆಳಗಿನ ಚಳಿ ದಿನದಿಂದ ದಿನಕ್ಕೆ ಸಡಿಲುತ್ತದೆ. ಸ್ವೆಟರ್, ಮಫ್ಲರ್, ರಗ್ಗುಗಳನ್ನು ಒಗೆಯದೆ ಮಡಿಚಿಟ್ಟರೆ ಬೆವರು, ಎಣ್ಣೆಯ ಕಲೆಗಳಿಗೆ ನುಸಿ ಬರುತ್ತದೆ. ಉಣ್ಣೆಯನ್ನು ತಣ್ಣೀರಿನಲ್ಲಿ ಒಗೆದು, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಬೇಕು. ಒಣಗಿದ ಬೇವಿನ ಎಲೆಯ ಸಣ್ಣ ಗಂಟಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ತುಂಬಿ ಅಟ್ಟಕ್ಕೆ ಏರಿಸಬಹುದು. ಮಾರ್ಚ್‌ಗೆ ಮೊದಲು ಗೀಸರ್‌ನ ಥರ್ಮೋಸ್ಟಾಟ್ ಇಳಿಸಿ, ಹಿಟ್ಟು ರುಬ್ಬುವ ಹೊತ್ತನ್ನು ಮತ್ತೆ ರಾತ್ರಿಗೆ ತರಬೇಕು.